ಹವಳದ ಟ್ಯಾಂಕಿನಲ್ಲಿ ಐಪ್ಟೇಸಿಯಾ, ಮಜಾನೋ ಕಾಟ: ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಐಪ್ಟೇಸಿಯಾ, ಮಜಾನೋ ಎರಡೂ ಅನಿಮೋನ್‌ಗಳು, ಅಂದರೆ ಹೂವಿನಂತೆ ಕಾಣುವ, ಚುಚ್ಚುವ ಎಳೆಗಳ ಕಡಲ ಜೀವಿಗಳು. ಉಪ್ಪುನೀರಿನ ಹವಳದ ಟ್ಯಾಂಕಿಗೆ ಇವನ್ನು ಯಾರೂ ದುಡ್ಡು ಕೊಟ್ಟು ತಂದು ಬಿಡುವುದಿಲ್ಲ. ಲೈವ್ ರಾಕಿನ (ಸೂಕ್ಷ್ಮ ಜೀವಿಗಳು ನೆಲೆಸಿದ ಕಡಲ ಕಲ್ಲು) ತೂತಿನಲ್ಲೋ, ಹವಳದ ತುಂಡು ಅಂಟಿಸಿದ ಪ್ಲಗ್ಗಿನ ಅಡಿಯಲ್ಲೋ ಅಡಗಿ ಬಂದಿರುತ್ತವೆ; ಎಷ್ಟೋ ವಾರ ಕಳೆದ ಮೇಲೆ ಕಣ್ಣಿಗೆ ಬೀಳುತ್ತವೆ. ಕಂಡ ಕೂಡಲೇ ಕೈ ಚಿಮಟಕ್ಕೆ ಹೋಗುತ್ತದೆ. ತಪ್ಪು ಶುರುವಾಗುವುದೇ ಅಲ್ಲಿ. ಕಿತ್ತಾಗ ಕಲ್ಲಿಗೆ ಅಂಟಿ ಉಳಿದ ಸಾಸಿವೆಗಿಂತ ಸಣ್ಣ ಚೂರಿನಿಂದಲೂ ಹೊಸ ಅನಿಮೋನ್ ಬೆಳೆಯುತ್ತದೆ. ಮುಟ್ಟದೆ ಬಿಟ್ಟ ಅನಿಮೋನ್‌ಗಿಂತ ಅರ್ಧ ಸಾಯಿಸಿದ ಅನಿಮೋನ್ ಅಪಾಯ. ಮುಂದೆ ಹೇಳುವ ಪ್ರತಿ ಹಂತವೂ ಈ ಮಾತನ್ನು ನೆನಪಿಟ್ಟುಕೊಂಡೇ ಬರೆದದ್ದು.

ಕಲ್ಲಿನ ಸಂದಿಯಲ್ಲಿ ಕಂದು ಹೂವು. ಕೈ ಹತ್ತಿರ ಹೋದರೆ ಒಳಕ್ಕೆ ಮಾಯ

ಮೊದಲ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಪಂಪು, ವೇವ್ ಮೇಕರ್ ಎರಡನ್ನೂ ನಿಲ್ಲಿಸಿ, ನೀರು ತಿಳಿಯಾಗಿ ನಿಂತ ಮೇಲೆ ಟಾರ್ಚ್ ಬಿಟ್ಟು ನೋಡಿ. ಐಪ್ಟೇಸಿಯಾ ಆಗಿದ್ದರೆ ಉದ್ದನೆಯ ತೆಳು ಕಾಂಡ, ಅದರ ತಲೆಯ ಮೇಲೆ ತಟ್ಟೆಯಂತಹ ಬಾಯಿ, ಅಂಚಿನ ಸುತ್ತ ಚೂಪು ತುದಿಯ ಉದ್ದ ಎಳೆಗಳು ಕಾಣುತ್ತವೆ. ಮೈ ಕಂದು, ಗಾಜಿನಂತೆ ಅರೆಪಾರದರ್ಶಕ. ಪ್ಲಾಸ್ಟಿಕ್ ಕಡ್ಡಿಯಿಂದ ಒಂದು ಎಳೆಯನ್ನು ಮೆಲ್ಲಗೆ ಸೋಕಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ದೇಹ ತೂತಿನೊಳಗೆ ಸೇರುತ್ತದೆ. ಜೋರಾಗಿ ಕೆಣಕಿದರೆ ಬಾಯಿಯಿಂದಲೂ ಮೈಯ ರಂಧ್ರಗಳಿಂದಲೂ ದಾರದಂತಹ ಬಿಳಿ ಎಳೆಗಳು ಹೊರಬರುತ್ತವೆ. ಅದರ ತುಂಬ ಚುಚ್ಚುಕೋಶಗಳಿವೆ. ಆ ಬಿಳಿ ದಾರ ಕಂಡರೆ ಗುರುತಿನ ಬಗ್ಗೆ ಅನುಮಾನ ಬಹಳ ಉಳಿಯುವುದಿಲ್ಲ. ಕೆಣಕುವುದನ್ನೂ ಅಲ್ಲಿಗೇ ನಿಲ್ಲಿಸಿ.

ಇದರ ಮೈಯಲ್ಲಿ ಹವಳದಂತೆಯೇ ಸೂಕ್ಷ್ಮ ಪಾಚಿ ವಾಸವಾಗಿದೆ, ಕಂದು ಬಣ್ಣ ಬರುವುದು ಅದರಿಂದ. ಹಾಗಾದರೆ ಕೆಲವು ದಿನ ಲೈಟ್ ಆರಿಸಿದರೆ ಸಾಯಬಹುದಲ್ಲ ಎಂದು ಹಲವರು ಯೋಚಿಸುತ್ತಾರೆ. ಸಾಯುವುದಿಲ್ಲ. ಪಾಚಿ ಕಳೆದುಕೊಂಡು ಬೆಳ್ಳಗಾಗುತ್ತದೆ, ನೀರಿನಲ್ಲಿ ತೇಲಿಬರುವ ಆಹಾರ ಹಿಡಿದು ಬದುಕುತ್ತದೆ. ನರಳುವುದು ನಿಮ್ಮ ಹವಳ. ಹವಳ ಮತ್ತು ಪಾಚಿಯ ಸಂಬಂಧವನ್ನು ಅಧ್ಯಯನ ಮಾಡುವ ಪ್ರಯೋಗಾಲಯಗಳು ಇದೇ ಐಪ್ಟೇಸಿಯಾವನ್ನು ಬೇಕೆಂದೇ ಸಾಕುತ್ತವೆ. ಬೇಗ ಬೆಳೆಯುತ್ತದೆ, ಸುಲಭಕ್ಕೆ ಸಾಯುವುದಿಲ್ಲ ಎಂಬ ಗುಣಕ್ಕೇ ಅಲ್ಲಿ ಬೆಲೆ.

ಗಿಡ್ಡ, ದಪ್ಪ, ಎಳೆಗಳ ತುದಿ ಗುಂಡಗೆ

ಇದು ಮಜಾನೋ. ಕಾಂಡ ಕಾಣುವುದೇ ಇಲ್ಲ ಎನ್ನುವಷ್ಟು ಗಿಡ್ಡ. ಬಣ್ಣ ಹಸಿರು, ಕಂದು, ಕೆಲವೊಮ್ಮೆ ಗುಲಾಬಿ ತುದಿ. ನೋಡಲು ಚೆಂದ, ಆ ಕಾರಣಕ್ಕೇ ತಿಂಗಳುಗಟ್ಟಲೆ ಉಳಿಸಿಕೊಂಡವರಿದ್ದಾರೆ. ಕ್ಲೌನ್ ಮೀನು ಕೂರುವ ಬಬಲ್ ಟಿಪ್ ಅನಿಮೋನ್‌ನ ಮರಿ ಎಂದು ತಪ್ಪು ತಿಳಿಯುವುದೂ ಸಾಮಾನ್ಯ. ವ್ಯತ್ಯಾಸ ಬೆಳವಣಿಗೆಯಲ್ಲಿದೆ: ಬಬಲ್ ಟಿಪ್ ಅಂಗೈ ಅಗಲಕ್ಕೆ ಬೆಳೆಯುತ್ತದೆ, ಮಜಾನೋ ಎರಡು ಮೂರು ಸೆಂಟಿಮೀಟರಿಗೆ ನಿಂತು, ಪಕ್ಕದಲ್ಲಿ ಇನ್ನೊಂದು, ಮತ್ತೊಂದು ಎಂದು ಗುಂಪು ಕಟ್ಟುತ್ತದೆ. ಕೆಣಕಿದರೆ ಬಿಳಿ ದಾರ ಬಿಡುವುದಿಲ್ಲ. ಈ ಗುರುತು ಮುಖ್ಯ, ಏಕೆಂದರೆ ಐಪ್ಟೇಸಿಯಾ ತಿನ್ನುವ ಜೀವಿಗಳಲ್ಲಿ ಹೆಚ್ಚಿನವು ಮಜಾನೋವನ್ನು ಮೂಸಿಯೂ ನೋಡುವುದಿಲ್ಲ. ಗುರುತು ತಪ್ಪಿದರೆ ಅದನ್ನು ತಿನ್ನಲೆಂದು ತಂದ ಸಿಗಡಿಗೆ ಸುರಿದ ದುಡ್ಡು ನೀರಿಗೆ ಹಾಕಿದಂತೆ.

ಹಾಗೇ ಕಾಣುತ್ತದೆ, ಆದರೆ ಕೊಲ್ಲಬೇಡಿ

ಒಳಗೆ ಎಳೆದುಕೊಂಡ ಮೇಲೆ ಕಲ್ಲಿನ ಮೇಲೆ ಚರ್ಮದಂತಹ ಅಥವಾ ಸುಣ್ಣದ ಕೊಳವೆ ಉಳಿದು ಕಂಡರೆ ಅದು ಕೊಳವೆ ಹುಳು, ನಿರುಪದ್ರವಿ. ಗರಿಯಂತೆ ಸೀಳಿದ ಎಳೆಗಳೇ ಅದರ ಗುರುತು. ಒಂದೇ ಬಳ್ಳಿಯಿಂದ ಹತ್ತಾರು ಸಣ್ಣ ಹೂವುಗಳು ಹೊರಟಂತಿದ್ದರೆ ಹೈಡ್ರಾಯ್ಡ್. ಅದೂ ಪೀಡೆಯೇ, ಆದರೆ ಅದರ ಚಿಕಿತ್ಸೆ ಬೇರೆ. ಹಗಲು ಮುದುಡಿ ರಾತ್ರಿ ಅರಳುವ, ಎಳೆಗಳ ತುದಿಗೆ ಕಿತ್ತಳೆ ಅಥವಾ ಬಿಳಿ ಮಣಿ ಪೋಣಿಸಿದಂತಿರುವುದು ಬಾಲ್ ಅನಿಮೋನ್. ಅದು ಇಷ್ಟು ವೇಗವಾಗಿ ಹರಡುವುದಿಲ್ಲ. ಅನುಮಾನವಿದ್ದರೆ ಲೈಟ್ ಆರಿಸಿ ಒಂದು ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ.

ಒಂದು ಹವಳ ಅರಳುತ್ತಿಲ್ಲ, ಒಂದೇ ಮಗ್ಗುಲು ಬಿಳಿಚಿದೆ

ಎಲ್ಲಾ ಹವಳಗಳೂ ಒಟ್ಟಿಗೆ ಮುದುಡಿದ್ದರೆ ತಪ್ಪು ನೀರಿನಲ್ಲಿದೆ, ಅನಿಮೋನ್ ಮೇಲೆ ಹೊರಿಸಬೇಡಿ. ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು, ಉಷ್ಣತೆ 25ರಿಂದ 26 ಡಿಗ್ರಿ, ಕ್ಷಾರತೆ 8ರಿಂದ 9 ಡಿಕೆಎಚ್ (ಕ್ಷಾರತೆ ಅಳೆಯುವ ಮಾನ) ಇದೆಯೇ ಎಂದು ಮೊದಲು ಅಳೆಯಿರಿ. ಒಂದೇ ಹವಳ, ಅದರಲ್ಲೂ ಒಂದೇ ಮಗ್ಗುಲು ಸುಟ್ಟಂತಾಗಿದ್ದರೆ ಆ ದಿಕ್ಕಿನ ಕಲ್ಲಿನ ಸಂದಿಗಳನ್ನು ರಾತ್ರಿ ಟಾರ್ಚಿನಲ್ಲಿ ಹುಡುಕಿ. ಐಪ್ಟೇಸಿಯಾ ತನ್ನ ಎಳೆ ಮುಟ್ಟುವಷ್ಟು ದೂರವನ್ನೆಲ್ಲ ಚುಚ್ಚಿ ಸುಡುತ್ತದೆ. ಹವಳ ಬಿಡಿ ಪ್ಲಗ್ಗಿನ ಮೇಲಿದ್ದರೆ ಸದ್ಯಕ್ಕೆ ಅದನ್ನೇ ಒಂದು ಗೇಣು ದೂರ ಸರಿಸಿ. ಗಾಯದ ಅಂಚು ಮುಂದೆ ಸಾಗದಿದ್ದರೆ ಕಾರಣ ಸಿಕ್ಕಿತು ಎಂದೇ ಅರ್ಥ.

ಸಂಖ್ಯೆ ಹತ್ತರೊಳಗೆ ಇದೆ

ಕೈಯಿಂದ ಮುಗಿಸಬಹುದಾದ ಹಂತ ಇದು, ತಡ ಮಾಡಬೇಡಿ. ಅತಿ ಅಗ್ಗದ ದಾರಿ ಮೊದಲು: ಅನಿಮೋನ್ ಇರುವುದು ಹವಳದ ಪ್ಲಗ್ಗಿನ ಮೇಲಾದರೆ ಪ್ಲಗ್ಗನ್ನೇ ಹೊರತೆಗೆದು, ಹವಳವನ್ನು ಬಿಡಿಸಿ ಹೊಸ ಪ್ಲಗ್ಗಿಗೆ ಅಂಟಿಸಿ, ಹಳೆಯದನ್ನು ಕಸಕ್ಕೆ ಹಾಕಿ. ಅಂಗೈಯಷ್ಟಿನ ಬಿಡಿ ಕಲ್ಲಾದರೆ ಅದನ್ನೂ ಹಾಗೇ ತೆಗೆಯಬಹುದು. ತೆಗೆಯುವ ಮುನ್ನ ಅದರ ಮೇಲೆ ಝೋಯಾಂತಿಡ್, ಪಾಲಿಥೋವಾ (ಗುಂಡಿಗಳಂತೆ ಗುಂಪಾಗಿ ಬೆಳೆಯುವ, ಹವಳವೆಂದೇ ಸಾಕುವ ಮೆದು ಜೀವಿಗಳು) ಇಲ್ಲವೆಂದು ಖಚಿತ ಮಾಡಿಕೊಳ್ಳಿ, ಕಾರಣ ಕೆಳಗಿದೆ.

ಕಲ್ಲು ಅಲುಗಾಡಿಸುವಂತಿಲ್ಲ ಎಂದರೆ ಸುಣ್ಣದ ಪೇಸ್ಟ್. ಅಂಗಡಿಯಲ್ಲಿ ಸಿಗುವ ಐಪ್ಟೇಸಿಯಾ-ಎಕ್ಸ್ ತರಹದ ತಯಾರಿಕೆಗಳನ್ನೂ ಇದೇ ರೀತಿ ಬಾಯಿಯ ಮೇಲೆ ಬಿಡುತ್ತಾರೆ. ಅದರ ಪ್ರಮಾಣಕ್ಕೆ ಡಬ್ಬದ ಮೇಲಿನ ಸೂಚನೆಯೇ ಅಂತಿಮ. ಮನೆಯಲ್ಲಿ ಮಾಡುವುದಾದರೆ ಅಕ್ವೇರಿಯಂಗೆಂದೇ ಮಾರುವ ಕಾಲ್ಕ್‌ವಾಸರ್ ಪುಡಿ ಅಥವಾ ಆಹಾರ ದರ್ಜೆಯ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬೇಕು. ವೀಳ್ಯದೆಲೆಗೆ ಹಚ್ಚುವ ಸುಣ್ಣವೂ ರಾಸಾಯನಿಕವಾಗಿ ಇದೇ, ಆದರೆ ಅದರಲ್ಲಿ ಮತ್ತೇನು ಬೆರೆತಿದೆ ಎಂದು ತಿಳಿಯುವುದಿಲ್ಲ. ಗೋಡೆಗೆ ಬಳಿಯುವ ಸುಣ್ಣದಲ್ಲಿ ಅಂಟು, ನೀಲಿ ಇರಬಹುದು. ಎರಡೂ ಬೇಡ.

ಎರಡು ಟೀ ಚಮಚ ಪುಡಿಗೆ ಆರ್‌ಒ ನೀರನ್ನು ಸ್ವಲ್ಪಸ್ವಲ್ಪವೇ ಸೇರಿಸಿ ದೋಸೆ ಹಿಟ್ಟಿನ ಹದಕ್ಕೆ ತನ್ನಿ. ನೀರಾದರೆ ಪಕ್ಕದ ಹವಳದ ಮೇಲೆ ತೇಲಿಹೋಗುತ್ತದೆ, ಗಟ್ಟಿಯಾದರೆ ಸಿರಿಂಜಿನ ಬಾಯಿ ಕಟ್ಟುತ್ತದೆ. 1 ಅಥವಾ 2 ಮಿ.ಲೀ. ಸಿರಿಂಜಿಗೆ ಮೊಂಡು ತುದಿಯ ದಪ್ಪ ಸೂಜಿ ಹಾಕಿ. ಕನ್ನಡಕ, ಕೈಗವಸು ಇಲ್ಲದೆ ಶುರು ಮಾಡಬೇಡಿ: ಈ ಪೇಸ್ಟಿನ ಪಿಎಚ್ 12ರ ಮೇಲಿದೆ. ಕಣ್ಣಿಗೆ ಸಿಡಿದರೆ ಹರಿಯುವ ನೀರಿನಲ್ಲಿ 15 ನಿಮಿಷಕ್ಕೆ ಕಡಿಮೆಯಿಲ್ಲದಂತೆ ತೊಳೆದು ನೇರ ವೈದ್ಯರ ಬಳಿ ಹೋಗಿ.

ಪಂಪುಗಳನ್ನೆಲ್ಲ ನಿಲ್ಲಿಸಿ, ಕೈ ಹಾಕುವ ಮುನ್ನ ಹೀಟರಿನ ಪ್ಲಗ್ಗನ್ನೂ ತೆಗೆಯಿರಿ. ಐದು ನಿಮಿಷ ಕಾದರೆ ಅನಿಮೋನ್ ಪೂರ್ತಿ ಅರಳುತ್ತದೆ. ಸೂಜಿಯ ತುದಿಯನ್ನು ಮೇಲಿನಿಂದ, ನೆರಳು ಬೀಳದಂತೆ ತಂದು ಬಾಯಿಯ ತಟ್ಟೆಗಿಂತ ಅರ್ಧ ಸೆಂಟಿಮೀಟರ್ ಮೇಲೆ ನಿಲ್ಲಿಸಿ. ಮೈಗೆ ಚುಚ್ಚಬೇಡಿ, ಚುಚ್ಚಿದರೆ ಒಳಗೆ ಓಡುತ್ತದೆ. ಒಂದು ಹನಿ ಬಾಯಿಯ ಮೇಲೆ ಬಿಡಿ. ಅದು ಆಹಾರವೆಂದುಕೊಂಡು ಎಳೆಗಳನ್ನು ಒಳಮುಖವಾಗಿ ಮಡಚಿ ನುಂಗಲು ಶುರು ಮಾಡಿದಾಗ ಉಳಿದದ್ದನ್ನು ನಿಧಾನಕ್ಕೆ ಸುರಿದು, ಅದು ಕುಗ್ಗಿದ ತೂತಿನ ಬಾಯನ್ನೂ ಮುಚ್ಚಿಬಿಡಿ. ಸಣ್ಣದಕ್ಕೆ 0.2, ಬೆಳೆದದ್ದಕ್ಕೆ 0.5 ಮಿ.ಲೀ. ಸಾಕು. 15ರಿಂದ 20 ನಿಮಿಷ ಪಂಪು ಹಾಕಬೇಡಿ. ಆಮೇಲೂ ಮೇಲೆ ಉಳಿದ ಬಿಳಿ ಪುಡಿಯನ್ನು ತೆಳು ಪೈಪಿನಲ್ಲಿ ಹೀರಿ ತೆಗೆದರೆ ಒಳ್ಳೆಯದು.

ಒಂದು ದಿನದ ಮಿತಿ: ಪ್ರತಿ 100 ಲೀಟರ್ ನೀರಿಗೆ 1 ಮಿ.ಲೀ. ಪೇಸ್ಟ್. ಅಂದರೆ ಚಿಕ್ಕ ಟ್ಯಾಂಕಿನಲ್ಲಿ ದಿನಕ್ಕೆ ಮೂರೋ ನಾಲ್ಕೋ ಅನಿಮೋನ್ ಮಾತ್ರ. ಎಲ್ಲವನ್ನೂ ಒಂದೇ ಭಾನುವಾರ ಮುಗಿಸುವ ಆತುರಕ್ಕೆ ಪಿಎಚ್ ಜಿಗಿದು ಟ್ಯಾಂಕೇ ಬಲಿಯಾಗುತ್ತದೆ.

ನಿಂಬೆರಸ, ವಿನಿಗರ್, ಕುದಿಯುವ ನೀರನ್ನು ಸಿರಿಂಜಿನಲ್ಲಿ ಬಿಡುವವರೂ ಇದ್ದಾರೆ. ಸಣ್ಣವು ಸಾಯುತ್ತವೆ, ದೊಡ್ಡವು ಆಳಕ್ಕೆ ಸರಿದು ಬದುಕಿಕೊಳ್ಳುತ್ತವೆ. ಸುಣ್ಣ ಗಟ್ಟಿಯಾಗಿ ಅಲ್ಲೇ ಕೂರುತ್ತದೆ, ಇವು ನೀರಿನಲ್ಲಿ ಕರಗಿ ಹೋಗುತ್ತವೆ. ಕಾಸ್ಟಿಕ್ ಸೋಡಾ, ಆಸಿಡ್ ಬಳಸುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ಮಕ್ಕಳಿರುವ ಮನೆಯಲ್ಲಿ ಸಿರಿಂಜಿಗೆ ಕಾಸ್ಟಿಕ್ ತುಂಬಿಡುವಷ್ಟು ದೊಡ್ಡ ಪೀಡೆ ಇದಲ್ಲ.

ತೂತು ಕಿರಿದಾಗಿದ್ದರೆ ಜೆಲ್ ರೂಪದ ಸೂಪರ್ ಗ್ಲೂ ಅಥವಾ ರೀಫ್ ಎಪಾಕ್ಸಿಯಿಂದ (ನೀರಿನೊಳಗೇ ಗಟ್ಟಿಯಾಗುವ ಅಂಟು) ಬಾಯಿ ಮುಚ್ಚಿಯೂ ನೋಡಬಹುದು. ನೀರಿನಂತೆ ಹರಿಯುವ ತೆಳು ಅಂಟು ಬೇಡ. ಲೈವ್ ರಾಕ್ ಜಾಲರಿಯಂತೆ ತೂತುತೂತು. ಹಿಂಬಾಗಿಲಿನಿಂದ ಅದು ಹೊರಬಂದಿದೆಯೇ ಎಂದು ಎರಡು ವಾರ ಕಣ್ಣಿಟ್ಟಿರಿ.

ಸುಣ್ಣ ಹಾಕಿದ ಜಾಗದ ಸುತ್ತ ಐದಾರು ಮರಿ ಎದ್ದಿವೆ

ಈ ಮೂರು ಕಾರಣಗಳಲ್ಲಿ ಒಂದು ಇರುತ್ತದೆ. ಬಾಯಿಗೆ ಬೀಳುವ ಮೊದಲೇ ಅದು ಒಳಗೆ ಸೇರಿ, ಪೇಸ್ಟ್ ಹೊರಗೇ ಉಳಿದಿರಬಹುದು. ಸತ್ತದ್ದು ತಲೆ ಮಾತ್ರ, ಪಾದ ಉಳಿದಿರಬಹುದು. ಇಲ್ಲವೇ ಮರಿಗಳು ಮೊದಲೇ ಇದ್ದವು, ದೊಡ್ಡದು ಹೋದ ಮೇಲೆ ಕಣ್ಣಿಗೆ ಬಿದ್ದವು. ಐಪ್ಟೇಸಿಯಾ ಕಲ್ಲಿನ ಮೇಲೆ ತೆವಳುವಾಗ ಪಾದದ ಅಂಚಿನಿಂದ ಚೂರುಗಳನ್ನು ಬಿಟ್ಟು ಹೋಗುತ್ತದೆ. ಒಂದೆರಡು ವಾರದಲ್ಲಿ ಆ ಚೂರುಗಳಿಗೆ ಎಳೆ ಮೂಡುತ್ತವೆ.

ಹಾಗಾಗಿ ಒಂದು ಸುತ್ತಿಗೆ ಕೆಲಸ ಮುಗಿಯುವುದಿಲ್ಲ. ಚಿಕಿತ್ಸೆ ಕೊಟ್ಟ ಜಾಗಗಳನ್ನು ಟ್ಯಾಂಕಿನ ಫೋಟೋ ಮೇಲೆ ಗುರುತು ಹಾಕಿಟ್ಟುಕೊಳ್ಳಿ. ಏಳನೆಯ ದಿನ, ಹದಿನಾಲ್ಕನೆಯ ದಿನ, ಇಪ್ಪತ್ತೊಂದನೆಯ ದಿನ ಅದೇ ಜಾಗಗಳನ್ನೇ ನೋಡಿ. ಮರಿ ಅಕ್ಕಿಕಾಳಿನಷ್ಟಿರುವಾಗ 0.1 ಮಿ.ಲೀ. ಪೇಸ್ಟಿಗೇ ಹೋಗುತ್ತದೆ. ಮೂರನೆಯ ಸುತ್ತಿನ ನಂತರವೂ ಸಂಖ್ಯೆ ಇಳಿಯದಿದ್ದರೆ ಸಿರಿಂಜ್ ಕೆಳಗಿಡಿ, ಮುಂದಿನ ದಾರಿ ಹಿಡಿಯಿರಿ.

ಚಿಕಿತ್ಸೆಯ ನಂತರ ಮೀನು ಮೇಲೆ ಬಂದು ಏದುಸಿರು ಬಿಡುತ್ತಿದೆ

ಕಾಯುವ ಹೊತ್ತಲ್ಲ. ಎಲ್ಲಾ ಪಂಪು, ಸ್ಕಿಮ್ಮರ್ (ನೊರೆಯೊಂದಿಗೆ ಕೊಳೆ ತೆಗೆಯುವ ಯಂತ್ರ), ಗಾಳಿ ಕಲ್ಲು ತಕ್ಷಣ ಚಾಲೂ ಮಾಡಿ, ಕಿಟಕಿ ತೆರೆಯಿರಿ. ಎಷ್ಟೋ ಸಲ ಕಾರಣ ಇಷ್ಟೇ: ಪೇಸ್ಟ್ ಹಾಕಿದ ಮೇಲೆ ಪಂಪು ಹಾಕುವುದೇ ಮರೆತುಹೋಗಿರುತ್ತದೆ. ನಂತರ ಪಿಎಚ್ ನೋಡಿ. ಬೆಳಗಿನ ಅಳತೆಗಿಂತ 0.2ಕ್ಕೂ ಹೆಚ್ಚು ಏರಿದ್ದರೆ ಅಥವಾ 8.5 ದಾಟಿದ್ದರೆ ಸುಣ್ಣ ಹೆಚ್ಚಾಗಿದೆ. ಉಳಿದ ಬಿಳಿ ಪುಡಿ ಹೀರಿ ತೆಗೆದು, ಅದೇ ಉಪ್ಪು, ಅದೇ ಉಷ್ಣತೆಯ ಹೊಸ ನೀರಿನಿಂದ ಶೇ. 15ರಿಂದ 20 ಬದಲಿಸಿ. ಪಿಎಚ್ ಸರಿಯಿದ್ದೂ ಏದುಸಿರು ನಿಲ್ಲದಿದ್ದರೆ ಅಮೋನಿಯಾ ಪರೀಕ್ಷಿಸಿ. ಒಂದೇ ದಿನ ಹತ್ತಿಪ್ಪತ್ತು ಅನಿಮೋನ್ ಸತ್ತು ಕೊಳೆತರೆ ಅಮೋನಿಯಾ ಏರುತ್ತದೆ. ಅಳೆಯಲು ಸಿಗುವಷ್ಟು ಅಮೋನಿಯಾ ಇದ್ದರೆ ಮೇವು ನಿಲ್ಲಿಸಿ, ನೀರು ಬದಲಿಸುತ್ತಾ ಹೋಗಿ, ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ. ಕಾರ್ಬನ್ ಅಮೋನಿಯಾವನ್ನು ಹಿಡಿಯುವುದಿಲ್ಲ. ಸತ್ತ ಮೈಯಿಂದ ಬಂದ ಉಳಿದ ಕೊಳೆಯನ್ನು ಹೀರುತ್ತದೆ. ವಾರದವರೆಗೆ ಸುಣ್ಣ ಮುಟ್ಟಬೇಡಿ.

ಎಲ್ಲಿ ನೋಡಿದರೂ ಅದೇ. ಓವರ್‌ಫ್ಲೋ, ಸಂಪಿನಲ್ಲೂ ಇದೆ

ಓವರ್‌ಫ್ಲೋ ಎಂದರೆ ಟ್ಯಾಂಕಿನ ನೀರು ಹೊರಹೋಗುವ ಪೆಟ್ಟಿಗೆ, ಸಂಪು ಎಂದರೆ ಆ ನೀರು ಬಂದು ಸೇರುವ ಫಿಲ್ಟರ್ ತೊಟ್ಟಿ. ಈ ಹಂತದಲ್ಲಿ ಒಂದೊಂದನ್ನೇ ಬೆನ್ನಟ್ಟಿ ಗೆಲ್ಲುವುದಿಲ್ಲ. ತಿನ್ನುವವರನ್ನು ಬಿಡಬೇಕು, ಯಾವುದನ್ನು ಎಂಬುದು ನಿಮ್ಮ ಟ್ಯಾಂಕಿನಲ್ಲಿ ಈಗಾಗಲೇ ಯಾರಿದ್ದಾರೆ ಎಂಬುದರ ಮೇಲಿದೆ.

ಅಗ್ಗದ ಆಯ್ಕೆ ಪೆಪ್ಪರ್‌ಮಿಂಟ್ ಸಿಗಡಿ. 200 ಲೀಟರಿಗೆ ಮೂರರಿಂದ ಐದು. ಕೊಳ್ಳುವಾಗ ಬೆನ್ನು ನೋಡಿ: ಗಾಜಿನಂತಹ ಮೈ ಮೇಲೆ ತೆಳು ಕೆಂಪು ಗೆರೆಗಳಿದ್ದರೆ ಸರಿ. ಕೆಂಪು ಮೈ ಮೇಲೆ ದಪ್ಪ ಬಿಳಿ ಪಟ್ಟೆ, ಚುಕ್ಕೆ, ಗೂನು ಬೆನ್ನು ಇದ್ದರೆ ಅದು ಕ್ಯಾಮಲ್ ಸಿಗಡಿ, ಹವಳವನ್ನೇ ತಿನ್ನುತ್ತದೆ. ಒಂದೇ ತೊಟ್ಟಿಯಲ್ಲಿಟ್ಟು ಒಂದೇ ಹೆಸರಿನಲ್ಲಿ ಮಾರುವುದುಂಟು. ಪೆಪ್ಪರ್‌ಮಿಂಟ್ ಸಣ್ಣ ಐಪ್ಟೇಸಿಯಾ ತಿನ್ನುತ್ತದೆ, ದೊಡ್ಡದನ್ನು ಮುಟ್ಟುವುದು ಅಪರೂಪ. ಆದ್ದರಿಂದ ದೊಡ್ಡದಕ್ಕೆ ಸುಣ್ಣ, ಮರಿಗಳಿಗೆ ಸಿಗಡಿ ಎಂಬ ಜೋಡಿ ಚೆನ್ನಾಗಿ ಕೆಲಸ ಮಾಡುತ್ತದೆ.

ಐಪ್ಟೇಸಿಯಾ ಒಂದನ್ನೇ ತಿಂದು ಬದುಕುವ ಜೀವಿ ಬರ್ಗಿಯಾ, ಒಂದೆರಡು ಸೆಂಟಿಮೀಟರ್ ಉದ್ದದ ಚಿಪ್ಪಿಲ್ಲದ ಕಡಲ ಬಸವನಹುಳು. ನಿಧಾನ, ಆದರೆ ನಂಬಿಗಸ್ಥ. 100 ಲೀಟರಿಗೆ ಆರಾದರೂ ಬೇಕು. ರಾತ್ರಿ, ಪಂಪು ನಿಲ್ಲಿಸಿ, ಅನಿಮೋನ್‌ಗಳ ಪಕ್ಕದ ಕಲ್ಲಿಗೇ ಪೈಪೆಟ್‌ನಿಂದ ಬಿಡಿ. ಪಂಪಿನ ಹೀರುಬಾಯಿಗೆ ಸ್ಪಂಜು ಕಟ್ಟಿ. ತಿಂಗಳೊಳಗೆ ಫಲ ಹುಡುಕಬೇಡಿ. ಕಲ್ಲಿನ ಮೇಲೆ ಸುರುಳಿ ಸುತ್ತಿದ ಬಿಳಿ ಮೊಟ್ಟೆಯ ದಾರ ಕಂಡರೆ ಕೆಲಸ ಸರಿ ದಾರಿಯಲ್ಲಿದೆ. ಐಪ್ಟೇಸಿಯಾ ಮುಗಿದ ಮೇಲೆ ಇವು ಹಸಿವಿನಿಂದ ಸಾಯುತ್ತವೆ, ಆದ್ದರಿಂದ ಅವು ಕಡಿಮೆಯಾಗುತ್ತಿದ್ದಂತೆ ಹಿಡಿದು ಬೇಕಾದವರಿಗೆ ಕೊಡಿ. ಪೆಪ್ಪರ್‌ಮಿಂಟ್ ಸಿಗಡಿಯೂ ಸಿಕ್ಸ್ ಲೈನ್‌ನಂತಹ ರಾಸ್ ಮೀನುಗಳೂ ಬರ್ಗಿಯಾವನ್ನು ತಿನ್ನುತ್ತವೆ. ಎರಡನ್ನೂ ಒಟ್ಟಿಗೆ ಬಿಡುವುದು ದುಡ್ಡು ದಂಡ.

ಮೀನಿನ ದಾರಿ ಕೊನೆಯದು. ಐಪ್ಟೇಸಿಯಾ ತಿನ್ನುವ ಫೈಲ್‌ಫಿಶ್ ಮಾಂಸಲ ಹವಳ, ಝೋಯಾಂತಿಡ್‌ಗಳನ್ನೂ ಕಚ್ಚಬಹುದು. ಕಾಪರ್‌ಬ್ಯಾಂಡ್ ಚಿಟ್ಟೆಮೀನಿಗೆ 400 ಲೀಟರಿಗಿಂತ ದೊಡ್ಡ ಟ್ಯಾಂಕ್ ಬೇಕು, ಅದೂ ಮೇವು ತಿನ್ನದೆ ಸೊರಗಿ ಸಾಯುವುದಕ್ಕೆ ಹೆಸರಾದ ಮೀನು. ಅಂಗಡಿಯಲ್ಲಿ ಕಣ್ಣೆದುರೇ ತಿನ್ನುವುದನ್ನು ನೋಡದೆ ತರಬೇಡಿ. ಒಂದು ಪೀಡೆ ತೆಗೆಯಲು ಇನ್ನೊಂದು ಜೀವ ತಂದು ಕೊಲ್ಲುವುದು ಸರಿಯಲ್ಲ.

ಮಜಾನೋಗೆ ಇವು ಯಾವುದನ್ನೂ ನೆಚ್ಚಿಕೊಳ್ಳಲಾಗದು. ಅಲ್ಲಿ ಸುಣ್ಣ, ಅಂಟು ಇಲ್ಲವೇ ಕಲ್ಲು ತೆಗೆಯುವುದೇ ದಾರಿ.

ಓವರ್‌ಫ್ಲೋ ಪೆಟ್ಟಿಗೆ, ಸಂಪಿನ ಗೋಡೆಯಲ್ಲಿರುವುದನ್ನು ಕೆರೆಯಬಹುದು, ಆದರೆ ರಿಟರ್ನ್ ಪಂಪು ನಿಲ್ಲಿಸಿ, ಕೆರೆಯುವ ಬ್ಲೇಡಿನ ಪಕ್ಕದಲ್ಲೇ ಪೈಪಿನ ಬಾಯಿ ಹಿಡಿದು ಚೂರುಗಳನ್ನೆಲ್ಲ ಬಕೆಟ್ಟಿಗೆ ಹೀರಿ. ಒಂದು ಚೂರೂ ಮೇಲಿನ ಟ್ಯಾಂಕಿಗೆ ಹೋಗಬಾರದು.

ಸಿಗಡಿ ಬಿಟ್ಟು ತಿಂಗಳಾಯಿತು, ಕಡಿಮೆಯಾಗಿಲ್ಲ

ಹೊಟ್ಟೆ ತುಂಬಿದ ಸಿಗಡಿ ಐಪ್ಟೇಸಿಯಾದ ತಂಟೆಗೆ ಹೋಗುವುದಿಲ್ಲ. ಮೀನಿನ ಮೇವನ್ನು ಎರಡು ನಿಮಿಷದಲ್ಲಿ ಮುಗಿಯುವಷ್ಟಕ್ಕೆ ಇಳಿಸಿ, ರಾತ್ರಿ ಮೇವು ಹಾಕಬೇಡಿ. ಆಮೇಲೆ ಸಿಗಡಿ ಬದುಕಿದೆಯೇ ಎಂದು ನೋಡಿ: ಲೈಟ್ ಆರಿ ಎರಡು ಗಂಟೆ ಕಳೆದ ಮೇಲೆ ಕೆಂಪು ಬೆಳಕಿನ ಟಾರ್ಚಿನಲ್ಲಿ ಹುಡುಕಿ. ಹಾಕ್‌ಫಿಶ್, ದೊಡ್ಡ ರಾಸ್ ಇದ್ದರೆ ಅವು ಮೊದಲ ವಾರವೇ ಮುಗಿಸಿರಬಹುದು. ಮೀನಿನ ಚಿಕಿತ್ಸೆಗೆಂದು ಹಿಂದೆ ತಾಮ್ರದ ಔಷಧಿ ಹಾಕಿದ ಟ್ಯಾಂಕಾದರೆ ಸಿಗಡಿ ಉಳಿಯುವುದೇ ಕಷ್ಟ.

ಕೊಂದಷ್ಟೂ ಹುಟ್ಟುತ್ತಿದೆ

ನೈಟ್ರೇಟ್, ಫಾಸ್ಫೇಟ್ ಅಳೆಯಿರಿ. ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಒಳಗಿದ್ದರೆ ಹವಳಕ್ಕೆ ಸಾಕು. ಅದಕ್ಕಿಂತ ಬಹಳ ಮೇಲಿದ್ದರೆ ನೀವು ಸಾಕುತ್ತಿರುವುದು ಐಪ್ಟೇಸಿಯಾವನ್ನೇ. ಕರಗಿಸಿದ ಫ್ರೋಜನ್ ಮೇವಿನ ನೀರನ್ನು ಸೋಸಿ ಚೆಲ್ಲಿ, ಹವಳಕ್ಕೆಂದು ಹಾಕುವ ಪುಡಿ ಮೇವನ್ನು ತಿಂಗಳು ನಿಲ್ಲಿಸಿ, ಫಿಲ್ಟರ್ ಸಾಕ್ಸನ್ನು (ನೀರು ಸೋಸುವ ಚೀಲ) ಮೂರು ದಿನಕ್ಕೊಮ್ಮೆ ಬದಲಿಸಿ. ಸೊನ್ನೆಗೆ ಇಳಿಸಲು ಹೋಗಬೇಡಿ. ಹವಳ ಅನಿಮೋನ್‌ಗಿಂತ ಮೊದಲು ಸೊರಗುತ್ತದೆ.

ಕಲ್ಲನ್ನೇ ತೆಗೆಯಬೇಕಾಗಿದೆ: ಇಲ್ಲಿ ನಿಂತು ಓದಿ

ಲೈವ್ ರಾಕನ್ನು ಯಾವ ಕಾರಣಕ್ಕೂ ಕುದಿಸಬೇಡಿ, ಮೈಕ್ರೋವೇವಿನಲ್ಲಿಡಬೇಡಿ, ಬಿಸಿನೀರು ಸುರಿದು ಬ್ರಶ್ಶಿನಲ್ಲಿ ಉಜ್ಜಬೇಡಿ. ಪಾಲಿಥೋವಾ ಮತ್ತು ಕೆಲವು ಝೋಯಾಂತಿಡ್‌ಗಳಲ್ಲಿ ಪಾಲಿಟಾಕ್ಸಿನ್ ಎಂಬ ಅತಿ ಘೋರ ವಿಷವಿದೆ. ಕುದಿಸಿದಾಗ, ಉಜ್ಜಿದಾಗ ಅದು ಹಬೆ, ತುಂತುರಿನೊಂದಿಗೆ ಉಸಿರಿಗೆ ಸೇರುತ್ತದೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಟ್ಯಾಂಕ್ ಶುಚಿಗೊಳಿಸಿದ ಮನೆಯ ಇಡೀ ಕುಟುಂಬ ಆಸ್ಪತ್ರೆ ಸೇರಿದ್ದು ಇದೇ ವಿಷದಿಂದ. ಬಾಯಲ್ಲಿ ಲೋಹದ ರುಚಿ, ಚಳಿಜ್ವರ, ಎದೆ ಬಿಗಿತ, ಸ್ನಾಯು ನೋವು, ಕಣ್ಣುರಿ ಇವುಗಳಲ್ಲಿ ಒಂದು ಕಂಡರೂ ಮನೆಯವರೆಲ್ಲ, ಸಾಕುಪ್ರಾಣಿ ಸಮೇತ, ಹೊರಗೆ ಬನ್ನಿ. ಆಸ್ಪತ್ರೆಗೆ ಹೋಗಿ, ಕರ್ನಾಟಕದಲ್ಲಾದರೆ 108ಕ್ಕೆ ಕರೆ ಮಾಡಿ, ವೈದ್ಯರಿಗೆ ಪಾಲಿಟಾಕ್ಸಿನ್ ಎಂಬ ಹೆಸರನ್ನೇ ಹೇಳಿ. ಹೆಚ್ಚಿನ ವೈದ್ಯರು ಇದನ್ನು ಕಂಡಿರುವುದಿಲ್ಲ. ಕಲ್ಲಿನ ಮೇಲೆ ಈ ಹವಳಗಳಿದ್ದರೆ ಅದನ್ನು ಮನೆಯಲ್ಲಿ ಒಣಗಿಸುವ ಪ್ರಯತ್ನವನ್ನೇ ಬಿಟ್ಟು ಅನುಭವಿ ಅಕ್ವೇರಿಯಂನವರನ್ನು ಕರೆಯಿರಿ.

ಅಂಥದ್ದೇನೂ ಇಲ್ಲದ ಬರಿ ಕಲ್ಲಾದರೆ ಬಯಲಿನಲ್ಲಿ, ಮಕ್ಕಳಿಗೆ ಸಿಗದ ಕಡೆ, ಬಿಸಿಲಲ್ಲಿ ಎರಡು ಮೂರು ವಾರ ಒಳಗಿನ ತೇವವೂ ಆರುವವರೆಗೆ ಒಣಗಿಸಿ. ಬೇಗ ಬೇಕಿದ್ದರೆ ಸುಗಂಧವಿಲ್ಲದ ಬ್ಲೀಚ್ ಒಂದು ಪಾಲು, ನೀರು ಹತ್ತು ಪಾಲು, 24 ಗಂಟೆ ನೆನೆಸಿ, ಚೆನ್ನಾಗಿ ತೊಳೆದು, ಕ್ಲೋರಿನ್ ನಿವಾರಕ ಹಾಕಿದ ನೀರಿನಲ್ಲಿ ಇನ್ನೊಂದು ದಿನ ಇಟ್ಟು, ವಾಸನೆ ಪೂರ್ತಿ ಹೋಗುವವರೆಗೆ ಒಣಗಿಸಿ. ಬ್ಲೀಚಿಗೆ ವಿನಿಗರ್, ನಿಂಬೆ, ಆಸಿಡ್ ಯಾವುದೂ ತಾಗಬಾರದು, ಕ್ಲೋರಿನ್ ಅನಿಲ ಏಳುತ್ತದೆ. ಒಂದು ಸಲಕ್ಕೆ ಟ್ಯಾಂಕಿನ ಕಾಲು ಭಾಗಕ್ಕಿಂತ ಹೆಚ್ಚು ಕಲ್ಲು ತೆಗೆಯಬೇಡಿ. ಅಮೋನಿಯಾ ಕಳೆಯುವ ಬ್ಯಾಕ್ಟೀರಿಯಾ ಇರುವುದು ಆ ಕಲ್ಲಿನಲ್ಲೇ.

ತೆಗೆದ ಕಲ್ಲು, ನೀರನ್ನು ಕಡಲಿಗೋ ಹಿನ್ನೀರಿಗೋ ಸುರಿಯಬೇಡಿ. ಅದರ ಬದಲಿಗೆ ಹೊಸ ಕಲ್ಲು ಬೇಕೆಂದಾಗ ನೇತ್ರಾಣಿ ದ್ವೀಪದ ಕಡೆಯಿಂದ ತಂದದ್ದು ಎಂದು ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ: ಬಂಡೆ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹೊಸ ಟ್ಯಾಂಕಿಗೆ ಒಣ ಕಲ್ಲು ಹಾಕುವುದೇ ಮೇಲು, ಅದರಲ್ಲಿ ಐಪ್ಟೇಸಿಯಾ ಬದುಕಿ ಬರುವುದಿಲ್ಲ.

ಇನ್ನು ಮುಂದೆ ಬರುವ ಪ್ರತಿ ಹವಳದ ತುಂಡನ್ನೂ ಹಳೆಯ ಪ್ಲಗ್ಗಿನಿಂದ ಬಿಡಿಸಿ, ಬೇರೆ ಸಣ್ಣ ಟ್ಯಾಂಕಿನಲ್ಲಿ ನಾಲ್ಕರಿಂದ ಆರು ವಾರ ಇಟ್ಟು ನೋಡಿ. ಅಯೋಡಿನ್‌ನಂತಹ ದ್ರಾವಣದಲ್ಲಿ ಅದ್ದುವುದರಿಂದ ಹುಳುಗಳು ಉದುರುತ್ತವೆ, ಆದರೆ ಐಪ್ಟೇಸಿಯಾ ಸಾಯುತ್ತದೆ ಎಂದು ನಂಬಬೇಡಿ. ವಾರಕ್ಕೊಮ್ಮೆ ರಾತ್ರಿ ಲೈಟ್ ಆರಿಸಿ ಪ್ಲಗ್ಗನ್ನು ಮಗುಚಿ, ಅಡಿಭಾಗ ಮತ್ತು ಅಂಟಿನ ಅಂಚನ್ನು ಟಾರ್ಚಿನಲ್ಲಿ ನೋಡಿ. ಅಕ್ಕಿಕಾಳಿನಷ್ಟಿನ ಕಂದು ಚುಕ್ಕೆಗೆ ಎಳೆ ಮೂಡಿರುವುದು ಮೊದಲು ಕಾಣುವುದು ಅಲ್ಲೇ.